ಲಮಿಯೆತ್ ಅಕ್ಕನ ಮೂರು ಉಂಡೆ

ಅಂಫವಾ ಕಾಲುವೆಯ ದಂಡೆಯಲ್ಲಿ ಲಮಿಯೆತ್ ಅಕ್ಕನನ್ನು ಕರೆಯದೆ ಯಾರ ಮನೆಯ ಮದುವೆಯೂ ನಡೆಯುತ್ತಿರಲಿಲ್ಲ. ಸಿಹಿ ಮಾಡುವವರು ಬೇಕಾದಷ್ಟಿದ್ದರು. ಆದರೆ 'ಮೂವರು ಗೆಳೆಯರು' ಎಂಬ ಸಿಹಿ ಕರಿಯುವ ಬಾಣಲೆಯ ಮುಂದೆ ಕೂರುವ ಧೈರ್ಯ ಅವಳೊಬ್ಬಳದು. ಎಳ್ಳು, ಹೆಸರುಬೇಳೆ, ತೆಂಗಿನತುರಿ, ಅಂಟಕ್ಕಿ ಹಿಟ್ಟು ಸೇರಿಸಿದ ಮೂರು ಉಂಡೆಗಳನ್ನು ಒಂದಕ್ಕೊಂದು ಅಂಟಿಸಿ, ಬೀಗರೆದುರೇ ಎಣ್ಣೆಗೆ ಬಿಡಬೇಕು. ಮೂರೂ ಜೊತೆಯಲ್ಲೇ ತೇಲಿದರೆ ಸಂಸಾರ ಗಟ್ಟಿ. ಒಂದು ಕಳಚಿದರೆ ಮಕ್ಕಳಿಲ್ಲ. ಮೂರೂ ಚೆದುರಿದರೆ ಮದುವೆಯೇ ಬಾಳುವುದಿಲ್ಲ. ಇಪ್ಪತ್ತೆಂಟು ವರ್ಷ ಅವಳ ಬಾಣಲೆಯಲ್ಲಿ ಒಂದೂ ಕಳಚಿರಲಿಲ್ಲ.

ಅವಳಿಗೆ ಹಿಟ್ಟು ಮಾರುತ್ತಿದ್ದವನು ನಾನು. ಅದರಿಂದ ನನ್ನ ಅಂಗಡಿಗೂ ಒಂದಿಷ್ಟು ಮರ್ಯಾದೆ ಬಂದಿತ್ತು; ಪುಕ್ಕಟೆ ಬಂದದ್ದು, ಬೆಲೆ ಗೊತ್ತಿರಲಿಲ್ಲ.

ಅವಳ ತಂಗಿಯ ಮಗಳು ಪ್ರಯೋಂಗ್ ಎಂಬವಳ ಮದುವೆಯ ವಾರ ಅಂಟಕ್ಕಿಗೆ ಅಭಾವ. ಅಕ್ಕನ ಮೂಟೆಗೆ ಕಾಲುಭಾಗ ಮಾಮೂಲಿ ಅಕ್ಕಿ ಹಿಟ್ಟು ಬೆರೆಸಿದೆ. ಎರಡೂ ಬೆಳ್ಳಗೇ ಇರುತ್ತವೆ. ನನಗೆ ಅಷ್ಟು ಧೈರ್ಯ ಸಾಕಾಯಿತು.

ಮದುವೆಗೆ ಹೋಗಿ ಮುಂದಿನ ಸಾಲಿನಲ್ಲೇ ಕೂತೆ. ಉಂಡೆಗಳು ಎಣ್ಣೆಗೆ ಬಿದ್ದವು. ಮೂರೂ ಮೂರು ದಿಕ್ಕಿಗೆ ಹೋದವು.

ಗಂಡಿನ ತಾಯಿ ಎದ್ದು ನಿಂತಳು. "ಅಯ್ಯೋ, ಮೂರೂ ಹೋದ್ವಲ್ಲ! ಈ ಹುಡುಗೀನ ಹೆಂಗೆ ಮನೆ ತುಂಬಿಸ್ಕೊಳ್ಳೋದು?"

ಅಕ್ಕ ಉಳಿದ ಹಿಟ್ಟನ್ನು ಬೆರಳ ತುದಿಯಲ್ಲಿ ಉಜ್ಜಿದಳು. ತಲೆ ಎತ್ತಿ ನೇರ ನನ್ನನ್ನೇ ನೋಡಿದಳು. ನಾನು ತಟ್ಟೆಯಲ್ಲಿದ್ದ ಬಾತುಮೊಟ್ಟೆ ಸಿಹಿಯ ಬಂಗಾರದೆಳೆಗಳನ್ನು ಎಣಿಸುವವನಂತೆ ತಲೆ ತಗ್ಗಿಸಿದೆ.

"ಹುಡುಗೀದೇನೂ ತಪ್ಪಿಲ್ಲಮ್ಮ," ಅಂದಳು ಅಕ್ಕ. "ಹಿಟ್ಟಿಗೆ ನೀರು ಜಾಸ್ತಿ ಬಿಟ್ಟೋಳು ನಾನು. ಕೈ ಸೋತೋಳ ಬಾಣಲೇಲಿ ಶಕುನ ನೋಡಬಾರದು. ಇವತ್ತಿಗೆ ಈ ಬಾಣಲೆ ಬಿಟ್ಟೆ."

"ವಯಸ್ಸಾಯ್ತಲ್ಲ, ಪಾಪ," ಎಂದು ಹಿಂದೆ ಯಾರೋ ನಕ್ಕರು. ಗಂಡಿನ ತಾಯಿ ಕೂತಳು. ಮದುವೆ ನಡೆಯಿತು. ನಾನು ಬಾಯಿ ತೆರೆದದ್ದು ಊಟಕ್ಕೆ ಮಾತ್ರ.

ಅಕ್ಕ ಈಗ ಸಂತೆಯಲ್ಲಿ ಬಾಳೆಲೆ ಕಡುಬು ಮಾರುತ್ತಾಳೆ. ಮದುವೆಗೆ ಅವಳನ್ನು ಯಾರೂ ಕರೆಯುವುದಿಲ್ಲ. ಹಿಟ್ಟು ಈಗಲೂ ನನ್ನಲ್ಲೇ ಕೊಳ್ಳುತ್ತಾಳೆ, ಆದರೆ ಅಂಗಡಿ ತುಂಬಿರುವ ಹೊತ್ತು ನೋಡಿಕೊಂಡೇ ಬರುತ್ತಾಳೆ. ಬಂದು ಒಂದು ಲೋಟ ನೀರನ್ನು ನನ್ನ ಮುಂದಿಡುತ್ತಾಳೆ.

"ಎಲ್ಲಿ ತಮ್ಮಾ, ಮೂರು ಉಂಡೆ ಅಂಟಿಸಿ ತೋರ್ಸು."

ಗಿರಾಕಿಗಳಿಗೆ ಅದೊಂದು ತಮಾಷೆ. "ಏನಕ್ಕಾ, ಈ ವಯಸ್ಸಲ್ಲಿ ಅಣ್ಣಂಗೆ ಇನ್ನೊಂದು ಮದ್ವೆನಾ?"

"ಮೊದ್ಲು ಉಂಡೆ ನಿಲ್ಲಲಿ, ಆಮೇಲೆ ಹೆಣ್ಣು ಹುಡುಕೋಣ."

ನಾನು ಹಿಟ್ಟು ನಾದುತ್ತೇನೆ, ಉಂಡೆ ಕಟ್ಟುತ್ತೇನೆ, ಅಂಟಿಸುತ್ತೇನೆ. ಅವಳು ಬೆಳಕಿಗೆ ಹಿಡಿದು ನೋಡುವ ತನಕ ಕಾಯುತ್ತೇನೆ. ಹೋದ ವಾರ ಪ್ರಯೋಂಗ್ ಕೂಡ ಸಾಲಿನಲ್ಲಿದ್ದಳು, ಸೊಂಟದ ಮೇಲೆ ಮಗು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ನಾನು ತಲೆ ಎತ್ತಲಿಲ್ಲ.