ಪೊರಕೆ ಗಾಡಿಯ ಹಿಂದೆ ಬಂದವನು

ದೆವ್ವ, ಶಕುನ, ಕನಸಿನ ಫಲ ಇವನ್ನೆಲ್ಲ ನಾನು ನಂಬಿದವಳಲ್ಲ. ಚಿಕ್ಕವಳಿದ್ದಾಗ ಮೈಸೂರಿನ ನಮ್ಮ ಮನೆಯಲ್ಲಿ ಸೋದರತ್ತೆ ಇಂಥ ಕಥೆ ಶುರು ಮಾಡಿದರೆ ನಡುವೆ ಬಾಯಿ ಹಾಕಿ ಸ್ವಾರಸ್ಯ ಕೆಡಿಸುವುದೇ ನನ್ನ ಕೆಲಸವಾಗಿತ್ತು. ಮುಂದೆ ಅಮೆರಿಕಕ್ಕೆ ಬಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದ ಮೇಲಂತೂ ಕೇಳುವುದೇ ಬೇಡ. ಕಣ್ಣಿಗೆ ಕಾಣದ್ದು ಮೈಕ್ರೋಸ್ಕೋಪಿನಲ್ಲಿ ಕಾಣಬೇಕು, ಅಲ್ಲೂ ಕಾಣದಿದ್ದರೆ ಅದು ಇಲ್ಲವೇ ಇಲ್ಲ ಎನ್ನುವ ಪೈಕಿ ನಾನು. ಆದ್ದರಿಂದ ಈಗ ನಾನು ಹೇಳಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಎಂಬತ್ತರ ದಶಕದ ನಡುವಿನ ಮಾತು. ನಾವಾಗ ಅಲ್ಲಿಯ ಸನ್ನಿವೇಲ್ ಎಂಬ ಊರಿನ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ನಮ್ಮವರು ಧಾರವಾಡದ ಕಡೆಯವರು, ಕೆಲಸದಲ್ಲಿ ಇಂಜಿನಿಯರು, ಉಳಿದ ಹೊತ್ತೆಲ್ಲ ಸೈಕಲ್ಲಿನ ಹುಚ್ಚರು. ಭಾನುವಾರ ಬಂತೆಂದರೆ ಉಳಿದ ಕನ್ನಡದವರು ಯಾರದಾದರೂ ಮನೆಗೆ ಊಟಕ್ಕೆ ಸೇರುತ್ತಿದ್ದರು, ನಮ್ಮವರು ಬೆಟ್ಟ ಹತ್ತುತ್ತಿದ್ದರು. ಹಿಂದಿನಿಂದ ನಾನು ಕಾರಿನಲ್ಲಿ ನೀರು, ಮೊಸರನ್ನ ಇಟ್ಟುಕೊಂಡು ಆಮೆಯ ಹಾಗೆ ಬರುತ್ತಿದ್ದೆ. ಅವರ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ನೋಡಿದ್ದೇನೆ ಎಂದು ಗೆಳತಿಯರ ಮುಂದೆ ಗೊಣಗುತ್ತಿದ್ದೆ. ಅದು ಸುಳ್ಳೂ ಅಲ್ಲ. ಏರು ಕಡಿದಾದಾಗ ಅವರ ತಲೆ ಬಲಭುಜದ ಕಡೆಗೆ ವಾಲುತ್ತಿತ್ತು, ಪಕ್ಕದಲ್ಲಿ ಯಾರೋ ಗುಟ್ಟು ಹೇಳುತ್ತಿರುವ ಹಾಗೆ. ಎಡ ಮೊಣಕಾಲು ಹೊರಗೆ ಚಾಚುತ್ತಿತ್ತು. ನೂರು ಜನ ಸಾಲಾಗಿ ಹೋದರೂ ನಾನು ಆ ಬೆನ್ನನ್ನು ಗುರುತಿಸುತ್ತಿದ್ದೆ.

ಅವರ ಇನ್ನೊಂದು ಅಭ್ಯಾಸವನ್ನೂ ಹೇಳಿಬಿಡಬೇಕು. ಲೋಟ ಎಂಜಲು ಮಾಡಬಾರದೆಂದು ನಮ್ಮ ಅತ್ತೆ ಮಗನಿಗೆ ಕಲಿಸಿದ್ದರು. ಅದು ಅಮೆರಿಕಕ್ಕೆ ಬಂದರೂ ಬಿಡಲಿಲ್ಲ. ಆಫೀಸಿನ ಪೇಪರ್ ಕಪ್ಪಿನ ನೀರನ್ನೂ ತುಟಿಗೆ ತಾಕಿಸದೆ, ತಲೆಯೆತ್ತಿ ಮೇಲಿನಿಂದ ಸುರಿದುಕೊಂಡೇ ಕುಡಿಯುತ್ತಿದ್ದರು. ಸಹೋದ್ಯೋಗಿಗಳು ಇದನ್ನು ನೋಡಲು ಬೇಕೆಂದೇ ಬಂದು ನಿಲ್ಲುತ್ತಿದ್ದರಂತೆ.

ಒಂದು ಚಳಿಗಾಲ ಬೆಟ್ಟ ಇಳಿಯುವಾಗ ಜಲ್ಲಿಯ ಮೇಲೆ ಚಕ್ರ ಜಾರಿ ಬಿದ್ದರು. ನಾನು ಹಿಂದೆಯೇ ಇದ್ದೆ, ಕಣ್ಣಾರೆ ಕಂಡೆ. ತೊಡೆಯ ಮೂಳೆ ಮುರಿದಿತ್ತು. ಆಪರೇಷನ್ ಆಯಿತು, ಮೂಳೆ ಕೂಡಿತು, ಕೋಲು ಬಿಟ್ಟು ನಡೆಯಬಹುದು ಎಂದು ಡಾಕ್ಟರೂ ಹೇಳಿದರು. ಆದರೆ ಇವರು ಕೋಲು ಬಿಡಲಿಲ್ಲ. ಸೈಕಲ್ಲಿನ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿ ಮೂಲೆಗೆ ನೂಕಿದರು. ಒಂದು ಸಂಜೆ, "ಇದನ್ನ ಯಾರಿಗಾರ ಕೊಟ್ಟುಬಿಡು. ಅದರದೂ ನಂದೂ ಋಣಾ ಹರೀತು" ಎಂದರು. ಸೈಕಲ್ ಹೋದರೆ ಹೋಗಲಿ, ಅದರ ಚಿಂತೆ ನನಗಿರಲಿಲ್ಲ. ಸೈಕಲ್ಲಿನ ಜೊತೆಗೆ ಅವರ ನಗು, ಮಾತು, ನನ್ನ ಮೈಸೂರು ಕನ್ನಡವನ್ನು ಅಣಕಿಸುವ ಚಾಳಿ ಎಲ್ಲ ಹೋಗಿತ್ತು. ಪಕ್ಕದಲ್ಲೇ ಕೂತಿದ್ದ ಮನುಷ್ಯ ದಿನದಿನಕ್ಕೂ ಕೈಬಿಟ್ಟು ಹೋಗುತ್ತಿದ್ದಾನಲ್ಲ ಎಂದು ಭಯವಾಗುತ್ತಿತ್ತು.

ಫ್ರಾನ್ಸಿಗೆ ಹೋಗಿ ಅಲ್ಲಿಯ ದೊಡ್ಡ ಸೈಕಲ್ ರೇಸನ್ನು ಒಂದು ಸಲ ನೋಡಬೇಕು ಎನ್ನುವುದು ಅವರ ಬಹುಕಾಲದ ಆಸೆ. ಆ ಬೇಸಿಗೆಯಲ್ಲಿ ನಾನೇ ಪಟ್ಟು ಹಿಡಿದು ಹೊರಡಿಸಿದೆ. ಅವರು ಬೇಡವೆಂದರು, ಕಾಲು ನೋವೆಂದರು, ನಾನು ಕಿವುಡಿಯಾದೆ. ಜಿನೀವಾದಲ್ಲಿ ಇಳಿದು, ಬಾಡಿಗೆ ಕಾರು ಹಿಡಿದು, ರೇಸು ಹೋಗುವ ಊರುಗಳ ಹಿಂದೆ ಹಿಂದೆ ಅಲೆದೆವು. ಬ್ರೆಡ್ಡು, ಚೀಸು ತಿಂದು ಅವರ ಹೊಟ್ಟೆ ಕೆಟ್ಟೀತೆಂದು ಅವಲಕ್ಕಿ, ಚಟ್ನಿಪುಡಿ, ಬೆಲ್ಲ, ಏಲಕ್ಕಿ, ಮೆಣಸು, ಒಣಶುಂಠಿ ಎಲ್ಲ ಕಟ್ಟಿಕೊಂಡು ಹೋಗಿದ್ದೆ. ನಾಲ್ಕು ಊರು ನೋಡಿದರೂ ಅವರ ಮುಖ ಅರಳಲಿಲ್ಲ. ಎಲ್ಲ ಕಡೆ ಮಡಿಸುವ ಕುರ್ಚಿಯಲ್ಲಿ ಕೂತು, ಕೋಲಿನ ಮೇಲೆ ಗದ್ದವಿಟ್ಟುಕೊಂಡು ನೋಡಿದರು, ಅಷ್ಟೆ.

ಕೊನೆಗೆ ಆಲ್ಪ್ಸ್ ಪರ್ವತದ ಒಂದು ಘಾಟಿ ರಸ್ತೆಗೆ ಹೋದೆವು. ರಸ್ತೆ ಮುಚ್ಚುವ ಮೊದಲೇ ಹೋಗಿ, ತುದಿಗಿಂತ ಸ್ವಲ್ಪ ಕೆಳಗಿನ ಒಂದು ತಿರುವಿನಲ್ಲಿ ಜಾಗ ಹಿಡಿದೆವು. ಪಕ್ಕದಲ್ಲಿ ಬೆಲ್ಜಿಯಂನ ಒಬ್ಬ ಅಜ್ಜ ವ್ಯಾನು ನಿಲ್ಲಿಸಿಕೊಂಡು ಟ್ರಾನ್ಸಿಸ್ಟರಿಗೆ ಕಿವಿ ಹಚ್ಚಿ ಕೂತಿದ್ದ. ಪ್ರತಿ ವರ್ಷ ಬರುತ್ತಾನಂತೆ. ಹರಕುಮುರುಕು ಇಂಗ್ಲಿಷಿನಲ್ಲಿ ಅವನೇ ನಮಗೆ ಪಾಠ ಹೇಳಿದ. ಹಿಂದುಳಿದು ಏದುಸಿರು ಬಿಡುವವರನ್ನು ಜನ ಬೆನ್ನಿಗೆ ಕೈಕೊಟ್ಟು ತಳ್ಳುತ್ತಾರೆ, ನಿಯಮದಲ್ಲಿಲ್ಲ, ಆದರೂ ತಳ್ಳುತ್ತಾರೆ. ಎಲ್ಲರಿಗಿಂತ ಕೊನೆಗೆ ಒಂದು ವ್ಯಾನು ಬರುತ್ತದೆ. ಕೈಲಾಗದೆ ನಿಂತುಬಿಟ್ಟವರನ್ನು ಅದು ಗುಡಿಸಿಕೊಂಡು ಹೋಗುತ್ತದೆ, ಅದಕ್ಕೇ ಪೊರಕೆ ಗಾಡಿ ಎಂದು ಹೆಸರು. ಅದು ಹೋಯಿತೆಂದರೆ ರೇಸು ಮುಗಿಯಿತು, ಅದರ ಹಿಂದೆ ಯಾರೂ ಬರುವುದಿಲ್ಲ.

ಬಿಸಿಲು ಚುರುಗುಟ್ಟುತ್ತಿತ್ತು. ನಮ್ಮ ತವರಿನಲ್ಲಿ ರಾಮನವಮಿಗೆ ಬೀದಿಯಲ್ಲಿ ಹೋಗುವವರಿಗೆಲ್ಲ ಪಾನಕ ಕೊಡುತ್ತಿದ್ದರು. ದಣಿದು ಬಂದವರಿಗೆ ಕೊಡುವುದಕ್ಕೆ ರಾಮನವಮಿಯೇ ಆಗಬೇಕೇನು ಅನ್ನಿಸಿ, ಕೆಳಗಿನ ಹಳ್ಳಿಯಲ್ಲಿ ಕೊಂಡಿದ್ದ ನಿಂಬೆಹಣ್ಣು ಹಿಂಡಿ, ಬೆಲ್ಲ ಕರಗಿಸಿ, ಏಲಕ್ಕಿ ಮೆಣಸು ಹಾಕಿ ಒಂದು ಪಾತ್ರೆ ಪಾನಕ ಮಾಡಿದೆ. "ನಿನ್ನ ಪಾನಕಾ ಯಾರ ಕುಡೀತಾರ ಇಲ್ಲೆ? ಸುಮ್ಮ ಕೂಡು" ಎಂದರು ಇವರು. ಅಜ್ಜ ಮಾತ್ರ ಒಂದು ಕಪ್ಪು ಕುಡಿದ, ಮೆಣಸಿಗೆ ಕೆಮ್ಮಿದ, ಇನ್ನೊಂದು ಕೇಳಿದ.

ರೇಸು ಬಂತು. ಮುಂದಿನವರು ಗಾಳಿಯ ಹಾಗೆ ಹೋದರು. ನಾನು ಕಪ್ಪು ಚಾಚಿಕೊಂಡು ನಿಂತದ್ದೇ ಬಂತು, ಯಾರೂ ಕಣ್ಣೆತ್ತಿ ನೋಡಲಿಲ್ಲ. ಹಿಂದಿನ ಗುಂಪಿನಲ್ಲಿ ಒಬ್ಬ ಕೈಚಾಚಿ ಕಸಿದುಕೊಂಡ. ಕುಡಿಯುತ್ತಾನೆ ಎಂದು ನಾನು ಹಿಗ್ಗುವಷ್ಟರಲ್ಲಿ ಪೂರ್ತಿ ಕಪ್ಪನ್ನು ತಲೆಯ ಮೇಲೆ ಸುರಿದುಕೊಂಡ! ಬೆಲ್ಲದ ನೀರು ಕೂದಲಿಂದ ಮೂಗಿಗಿಳಿಯಿತು, ಅವನು ನಾಲಿಗೆ ಚಾಚಿ ನೆಕ್ಕಿ, ತಿರುಗಿ ನನ್ನನ್ನೇ ನೋಡಿದ. ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ಕೇಳಿ ನನಗೆ ಅಳು ಬಂತು. ಎಷ್ಟು ತಿಂಗಳಾಗಿತ್ತು ಕೇಳಿ.

ಕೊನೆಯ ಕೆಲವರು ಜನರ ಕೈಯಿಂದ ಕೈಗೆ ತಳ್ಳಿಸಿಕೊಳ್ಳುತ್ತ ಹೋದರು. ಅವರ ಹಿಂದೆಯೇ ಪೊರಕೆ ಗಾಡಿ ಬಂತು. ಮುಂದೆ ನಿಜವಾಗಿಯೂ ಒಂದು ಪೊರಕೆ ಕಟ್ಟಿದ್ದರು. ಅದು ತಿರುವು ದಾಟಿದ್ದೇ ಜನ ಗಂಟುಮೂಟೆ ಕಟ್ಟಿ ಕಾಲುದಾರಿಯಲ್ಲಿ ಇಳಿಯತೊಡಗಿದರು. ಅಜ್ಜ ಟ್ರಾನ್ಸಿಸ್ಟರ್ ಆರಿಸಿ ವ್ಯಾನಿನೊಳಗೆ ಹೋದ. ಬೆಟ್ಟದ ಮೇಲಿನ ಮೋಡ ರಸ್ತೆಯ ತನಕ ಇಳಿದಿತ್ತು. ನಾನು ಉಳಿದ ಪಾನಕವನ್ನು ಏನು ಮಾಡಲಿ ಎಂದು ನೋಡುತ್ತಿದ್ದೆ.

ಆಗ ಕೆಳಗಿನಿಂದ ಸೈಕಲ್ ಚೈನಿನ ಸದ್ದು ಬಂತು. ಒಬ್ಬನೇ ಒಬ್ಬ ಹತ್ತಿ ಬರುತ್ತಿದ್ದ. ನೀಲಿ ಅಂಗಿ, ರೇಸಿನ ನಂಬರು ಎಲ್ಲೂ ಕಾಣಲಿಲ್ಲ. ಬಟ್ಟೆಯ ಟೋಪಿ ಹುಬ್ಬಿನ ತನಕ ಇಳಿದಿತ್ತು, ಮುಖದ ತುಂಬ ಧೂಳು, ಬೆವರಿನ ಉಪ್ಪು. ಪಾಪ, ಗಾಡಿಯ ಕಣ್ಣು ತಪ್ಪಿಸಿ ಬಂದಿದ್ದಾನೆ ಎಂದುಕೊಂಡು ಕಪ್ಪು ಚಾಚಿದೆ. ಅವನು ತಗೊಂಡ. ತಲೆಯೆತ್ತಿ, ತುಟಿಗೆ ತಾಕಿಸದೆ, ಮೇಲಿನಿಂದ ಸುರಿದುಕೊಂಡು ಕುಡಿದ. ಕಪ್ಪನ್ನು ಬಿಸಾಡದೆ ನನ್ನ ಕೈಗೇ ವಾಪಸು ಕೊಟ್ಟ. ಅವನು ಮುಂದೆ ಹೋದಾಗ ನೋಡಿದೆ: ತಲೆ ಬಲಭುಜದ ಕಡೆಗೆ ವಾಲಿತ್ತು, ಎಡ ಮೊಣಕಾಲು ಹೊರಗೆ ಚಾಚಿತ್ತು.

ಸೈಕಲ್ ಓಲಾಡಿ ಇನ್ನೇನು ನಿಲ್ಲುವುದರಲ್ಲಿತ್ತು. "ಏ, ಬಿದ್ದಾನು!" ಎಂದು ಕೂಗಿ ನಮ್ಮವರು ಎದ್ದರು. ಎದ್ದವರು ಓಡಿದರು. ಹೌದು, ಓಡಿದರು. ಅವನ ಬೆನ್ನಿಗೆ ಅಂಗೈ ಕೊಟ್ಟು ತಿರುವಿನ ತನಕ ತಳ್ಳಿಕೊಂಡು ಹೋದರು. ಅವನು ಮೋಡದೊಳಗೆ ಹೋದ. ಇವರು ಏದುಸಿರು ಬಿಡುತ್ತ ಕೈ ಬೀಸಿಕೊಂಡು ವಾಪಸು ಬಂದರು. ಕೋಲು ಕುರ್ಚಿಯ ಪಕ್ಕದಲ್ಲಿ ಬಿದ್ದಿತ್ತು. ಅದನ್ನು ಅವರಾಗಲಿ ನಾನಾಗಲಿ ಎತ್ತಲಿಲ್ಲ.

"ಅವನ ಮುಖ ನೋಡಿದಿರಾ?" ಎಂದು ಕೇಳಿದೆ.

"ಹಿಂದಿಂದ ತಳ್ಳಿದೆ, ಮಾರಿ ಎಲ್ಲೆ ಕಾಣಬೇಕು? ಬೆನ್ನ ಮಾತ್ರ ಕಾದ ಹಂಚಿನ್ಹಂಗ ಸುಡತಿತ್ತು" ಎಂದರು. ಅಂಗೈ ಒದ್ದೆಯಾಗಿತ್ತು. ತಮ್ಮ ಬೆನ್ನು ಹೇಗಿರುತ್ತದೆಂದು ಯಾರಿಗೆ ತಾನೇ ಗೊತ್ತಿರುತ್ತದೆ? ಅದು ಗೊತ್ತಿದ್ದವಳು ನಾನೊಬ್ಬಳೇ. ನಾನು ಬಾಯಿ ಬಿಡಲಿಲ್ಲ. ಹೇಳಿದರೆ ಆ ಕೋಲನ್ನು ಮತ್ತೆ ಎತ್ತಿಕೊಂಡಾರು ಎಂದು ಹೆದರಿಕೆ.

ಅಜ್ಜನನ್ನು ಕೇಳಿದೆ. ಗಾಡಿಯ ಹಿಂದೆ ಯಾರೂ ಬರಲು ಸಾಧ್ಯವೇ ಇಲ್ಲ ಎಂದ. ವ್ಯಾನಿನ ಕಿಟಕಿಯಿಂದ ಅವನು ಕಂಡದ್ದು ಇಷ್ಟೇ: ನನ್ನ ಗಂಡ ಖಾಲಿ ರಸ್ತೆಯಲ್ಲಿ ಒಬ್ಬರೇ ಕೈ ಮುಂದೆ ಚಾಚಿಕೊಂಡು ಓಡುತ್ತಿದ್ದರು. ಕಾಲು ವಾಸಿಯಾದ ಖುಷಿಗೆ ಓಡುತ್ತಿದ್ದಾರೆ ಎಂದುಕೊಂಡನಂತೆ.

ಸನ್ನಿವೇಲಿಗೆ ಬಂದ ವಾರವೇ ಸೈಕಲ್ಲಿನ ಮೇಲಿನ ಬೆಡ್‌ಶೀಟು ಬಟ್ಟೆ ಒಗೆಯುವ ಬುಟ್ಟಿಗೆ ಬಂದು ಬಿತ್ತು. ಮೊದಲು ಅಪಾರ್ಟ್‌ಮೆಂಟಿನ ಸುತ್ತ, ಆಮೇಲೆ ಸಪಾಟು ರಸ್ತೆಗಳಲ್ಲಿ, ಮುಂದಿನ ವಸಂತದಲ್ಲಿ ಬೆಟ್ಟಗಳು ಹಸಿರಾಗಿದ್ದಾಗ ಎವರ್‌ಗ್ರೀನ್ ಎನ್ನುವ ಬಡಾವಣೆಯ ಕಡೆಯಿಂದ ದೊಡ್ಡ ಬೆಟ್ಟಕ್ಕೇ ಹೊರಟರು. ಹಿಂದೆ ನಾನು, ಕಾರು, ಮೊಸರನ್ನ. ಅವರ ಮೈಮೇಲೆ ಹೊಸ ಅಂಗಿ. ಅದು ನೀಲಿ ಎಂದು ನಾನು ನೋಡಿದ್ದು ಅರ್ಧ ದಾರಿಯಲ್ಲಿ.

ತುದಿಗೆ ಹತ್ತಿರ ಬರುವಾಗ ಸೈಕಲ್ ಓಲಾಡಿತು. ಬಿದ್ದೇಬಿಟ್ಟರು ಎಂದು ನಾನು ಬ್ರೇಕ್ ಒತ್ತಿದೆ. ಆದರೆ ಬೀಳಲಿಲ್ಲ. ಯಾರೋ ಒಯ್ದ ಹಾಗೆ ಸೈಕಲ್ ಸರಸರನೆ ತಿರುವು ದಾಟಿತು. ಮೇಲೆ ಹೋಗಿ ನೋಡಿದರೆ ಕಟ್ಟೆಯ ಮೇಲೆ ಕೂತು ನಗುತ್ತಿದ್ದರು.

"ನೀ ಏನರ ಕಾರಿಂದ ಇಳದು ತಳ್ಳಿದೇನ? ಬೆನ್ನಿಗೆ ಕೈ ಹತ್ತಿದ್ಹಂಗಾತು."

"ಕಾರು ಬಿಟ್ಟು ನಾನು ಹೇಗ್ರೀ ಬರಲಿ?" ಎಂದೆ.

ಅವರು ನಾಲಿಗೆ ಚಪ್ಪರಿಸಿ, "ಮತ್ತ ಬಾಟ್ಲ್ಯಾಗ ಏನ ಹಾಕಿದ್ದಿ? ಬಾಯಿ ತುಂಬ ಬೆಲ್ಲಾ, ಯಾಲಕ್ಕಿ" ಎಂದರು.

ಬಾಟಲಿ ತೆಗೆದು ಮೂಸಿದೆ. ಬೆಳಿಗ್ಗೆ ನಾನೇ ನಲ್ಲಿಯಿಂದ ತುಂಬಿದ ಬರೀ ನೀರು. ಕಂಠದ ತನಕ ತುಂಬಿಯೇ ಇತ್ತು, ಒಂದು ಗುಟುಕೂ ಇಳಿದಿರಲಿಲ್ಲ.

ಇದೆಲ್ಲ ಹೇಗಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ದಣಿದ ಮೈಗೆ ಏನೇನೋ ಅನ್ನಿಸುತ್ತದೆ ಎಂದು ನನ್ನ ಲ್ಯಾಬಿನ ಬುದ್ಧಿ ಹೇಳುತ್ತದೆ, ನಾನು ಹೂಂ ಅನ್ನುತ್ತೇನೆ. ಆದರೆ ಅವರು ಬೆಟ್ಟಕ್ಕೆ ಹೊರಟ ದಿನ ಕಾರಿನಲ್ಲಿ ಒಂದು ಪಾತ್ರೆ ಪಾನಕ ಇಟ್ಟುಕೊಳ್ಳುವುದನ್ನು ಮಾತ್ರ ಬಿಟ್ಟಿಲ್ಲ. ದಾರಿಯಲ್ಲಿ ಯಾರು ಯಾವ ಕಾಲದಿಂದ ದಣಿದು ಬರುತ್ತಾರೋ, ನನಗೇನು ಗೊತ್ತು?