ಅತ್ತೆ ಹೊಲಿದ ಗಾಳಿಚೀಲ

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅರ್ಧ ಆಯುಷ್ಯ ಕಳೆದವಳು. ಅಷ್ಟೂ ವರ್ಷ ಅವಳು ಹೊಲಿದದ್ದು ಕಾಲರ್ ಮಾತ್ರ. ಪಕ್ಕದ ಸಾಲಿನವರು ತೋಳು, ಅದರಾಚೆಯವರು ಜೇಬು, ಕೊನೆಯಲ್ಲಿ ಇನ್ಯಾರೋ ಗುಂಡಿ. ಪೂರ್ತಿಯಾದ ಅಂಗಿ ನೋಡಬೇಕೆಂದರೆ ಅವಳೂ ನಮ್ಮಂತೆ ಅಂಗಡಿಯ ಗಾಜಿನ ಮುಂದೆ ನಿಲ್ಲಬೇಕಿತ್ತು. ದಾರಿಯಲ್ಲಿ ಯಾರಾದರೂ ಹೊಸ ಅಂಗಿ ತೊಟ್ಟು ಎದುರಾದರೆ ಮಾವ ಅವಳನ್ನು ಮೊಣಕೈಯಿಂದ ತಿವಿದು, "ನೋಡೇ, ನಿನ್ನ ಕಾಲರ್ ಹೋಗ್ತಾ ಇದೆ" ಎಂದು ಕಿಚಾಯಿಸುತ್ತಿದ್ದರು. ಅತ್ತೆ ನಗುತ್ತಿದ್ದಳು, ಆದರೆ ಆ ನಗು ಬಹಳ ಹೊತ್ತು ಉಳಿಯುತ್ತಿರಲಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ಬೀದಿಗೆ ಕಿಟಕಿಯಿದ್ದ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಕೂತಳು. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು, ಹರಿದ ದಿಂಬಿಗೆ ತೇಪೆ ಹಾಕುವುದು. ಇನ್ನೊಬ್ಬರು ಮಾಡಿದ್ದನ್ನು ತಿದ್ದುವ ಕೆಲಸವೇ ಎಲ್ಲ. ಸದ್ಯ, ಕೈ ಖಾಲಿ ಇಲ್ಲವಲ್ಲ ಎಂದುಕೊಂಡು ದಿನ ದೂಡುತ್ತಿದ್ದಳು.

ಎದುರಿಗೆ ಒಂದು ಕ್ಷೌರದ ಅಂಗಡಿ. ಅದರ ಯಜಮಾನನಿಗೆ ಮೀಸೆಯಣ್ಣ ಎಂದು ಹೆಸರು. ಅವನಿಗೆ ಮೀಸೆ ಇರಲಿಲ್ಲ. ಬೀದಿಯ ಮೀಸೆಗಳೆಲ್ಲ ಅವನ ಕತ್ತರಿಯ ಕೆಳಗೆ ಹಾದುಹೋಗುತ್ತಿದ್ದುದಕ್ಕೆ ಆ ಹೆಸರು ಬಂದಿತ್ತು. ಒಂದು ಮಧ್ಯಾಹ್ನ ಅವನು ಉದ್ದ ಹಿಡಿಯ ಯಂತ್ರವೊಂದನ್ನು ಕೂಸಿನ ಹಾಗೆ ಭುಜಕ್ಕೊರಗಿಸಿಕೊಂಡು ರಸ್ತೆ ದಾಟಿ ಬಂದ. ಕೆಳಗೆ ಆಮೆಯ ಬೆನ್ನಿನಂಥ ಹೊಳೆಯುವ ಲೋಹದ ತಲೆ, ಅದರ ಮೂತಿಯಲ್ಲಿ ಪುಟ್ಟ ದೀಪ, ಹಿಡಿಗೆ ನೇತುಬಿದ್ದ ಬಟ್ಟೆಯ ಚೀಲ. ಚೀಲ ಚಿಂದಿಯಾಗಿತ್ತು.

"ಅಕ್ಕ, ಇದಕ್ಕೊಂದು ಹೊಸ ಚೀಲ ಆಗ್ಬೇಕು. ಎಲ್ಲೂ ಸಿಗ್ತಾ ಇಲ್ಲ" ಎಂದ.

ಅದು ಹಳೆಯ ಕಾಲದ ವ್ಯಾಕ್ಯೂಮ್ ಕ್ಲೀನರ್, ನಿಂತುಕೊಂಡೇ ತಳ್ಳುವಂಥದ್ದು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅಂಥವು ಒಂದು ಸಾಲು ಇದ್ದವು. ಅವಕ್ಕೆಂದೇ ನೆಲದಲ್ಲೊಂದು ರತ್ನಗಂಬಳಿ. ಗುಡಿಸಲು ಕಸ ಸಾಲದೆ ಹೋದಾಗ ಮೀಸೆಯಣ್ಣ ತಾನೇ ಪೌಡರು ಚೆಲ್ಲಿ, ಕತ್ತರಿಸಿದ ಕೂದಲು ಉದುರಿಸಿ, ಆಮೇಲೆ ಅದನ್ನೆಲ್ಲ ಯಂತ್ರದ ಬಾಯಿಂದ ಎಳೆಸುತ್ತ ಆನಂದಪಡುತ್ತಿದ್ದ. ಅವನ ಹೆಂಡತಿ ಆ ಕೋಣೆಯ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದಳು.

ಯಂತ್ರ ಹೇಗೆ ನಡೆಯುತ್ತದೆಂದು ತಿಳಿಯದೆ ಚೀಲ ಹೊಲಿಯುವುದು ಹೇಗೆ ಎಂದು ಅತ್ತೆ ಕೇಳಿದಳು. ಅವನಿಗೂ ಅಷ್ಟೇ ಬೇಕಿತ್ತು. ಯಂತ್ರವನ್ನು ಮಗುಚಿಹಾಕಿ ತೋರಿಸಿದ. ಲೋಹದ ತಲೆಯೊಳಗೆ ಮೋಟಾರು, ಅದಕ್ಕೆ ಜೋಡಿಸಿದ ಫ್ಯಾನು. ಅದೇ ಮೋಟಾರಿನಿಂದ ಒಂದು ರಬ್ಬರ್ ಬೆಲ್ಟು ಹೊರಟು ಮುಂದಿನ ಉರುಳೆ ಬ್ರಷ್ಷನ್ನು ತಿರುಗಿಸುತ್ತದೆ. ಬ್ರಷ್ಷು ಗಂಬಳಿಯನ್ನು ಬಡಿದು ಬುಡದ ಮಣ್ಣನ್ನು ಎಬ್ಬಿಸುತ್ತದೆ, ಫ್ಯಾನು ಅದನ್ನು ಒಳಕ್ಕೆಳೆದು ಹಿಂದಿನ ಕೊರಳಿನಿಂದ ಚೀಲಕ್ಕೆ ಊದುತ್ತದೆ. ಕಸವೆಲ್ಲ ಫ್ಯಾನಿನ ಮೂಲಕವೇ ಹಾಯುವುದರಿಂದ ನಡುವೆ ಒಂದು ಗುಂಡಿ ಸಿಕ್ಕಿದರೂ ಟಣ್ಣೆಂದು ಕೇಳಿಸುತ್ತದೆ. ಇನ್ನು ಚೀಲದ ಕೆಲಸವೆಂದರೆ ಗಾಳಿಯನ್ನು ಹೊರಬಿಟ್ಟು ದೂಳನ್ನು ಒಳಗೇ ಇಟ್ಟುಕೊಳ್ಳುವುದು.

"ಅಷ್ಟೇನಾ?" ಎಂದಳು ಅತ್ತೆ.

ಅಷ್ಟೇ ಆಗಿರಲಿಲ್ಲ. ಮೊದಲ ಚೀಲವನ್ನು ಅಂಗಿಯ ಬಟ್ಟೆಯಲ್ಲಿ ಹೊಲಿದಳು. ಮೀಸೆಯಣ್ಣನ ಅಂಗಡಿಯಲ್ಲಿ ಸ್ವಿಚ್ಚು ಹಾಕಿದೊಡನೆ ಪೌಡರೆಲ್ಲ ಬಟ್ಟೆಯ ಕಣ್ಣುಗಳಿಂದ ಹೊಗೆಯಂತೆ ಹೊರಟು ಗೋಡೆಯ ಕನ್ನಡಿಗಳ ಮೇಲೆ ಕೂತಿತು. ಹಾಗಾದರೆ ದಪ್ಪ ಬಟ್ಟೆಯೇ ಬೇಕೆಂದು ಎರಡನೆಯದನ್ನು ಲಾರಿಗೆ ಹೊದಿಸುವಂಥ ಕ್ಯಾನ್ವಾಸಿನಲ್ಲಿ ಮಾಡಿದಳು. ಅಂದು ಬೇಕರಿಯವನು ಮುಖದ ತುಂಬ ನೊರೆ ಬಳಿಸಿಕೊಂಡು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಒರಗಿದ್ದ. ಗಾಳಿಗೆ ದಾರಿ ಸಿಗದೆ ಚೀಲ ತಮಟೆಯಷ್ಟು ಬಿಗಿದುಕೊಂಡಿತು, ಮೋಟಾರಿನ ದನಿ ಏರುತ್ತ ಏರುತ್ತ ಕೀರಲಾಯಿತು, ಕೊನೆಗೆ ಚೀಲ ಕೊರಳಿನಿಂದ ಕಳಚಿ ಹಾರಿ ಇದ್ದದ್ದನ್ನೆಲ್ಲ ಅಂಗಡಿಯ ತುಂಬ ಚೆಲ್ಲಿತು. ಬೇಕರಿಯವನು ಕಣ್ಣು ಬಿಟ್ಟು ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು, "ಇರ್ಲಿ ಬಿಡಿ, ನಾನು ದಿನಾ ಹಿಟ್ಟಲ್ಲೇ ಇರೋನು" ಎಂದ.

ಮಾವ ವಾರವಿಡೀ ನಕ್ಕರು. ಅತ್ತೆ ಮಾತ್ರ ಹಟ ಹಿಡಿದಳು. ಹಳೆಯ ಚಿಂದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಬಾಯಿಗಿಟ್ಟು ಊದಿದಳು. ನೇಯ್ಗೆ ಒತ್ತಾಗಿತ್ತು, ಆದರೂ ಉಸಿರು ಆಚೆ ಹೋಗುತ್ತಿತ್ತು. ಒಳಮೈ ಮಾತ್ರ ಎಳೆಗೂಸಿನ ತಲೆಯಂತೆ ನವಿರಾಗಿತ್ತು. ಆ ನವಿರೇ ದೂಳನ್ನು ಹಿಡಿಯುವುದು ಎಂದು ಅವಳಿಗೆ ಹೊಳೆಯಿತು. ಬಟ್ಟೆ ಅಂಗಡಿಗಳನ್ನು ಸುತ್ತಿ, ಥಾನುಗಳನ್ನು ಒಂದೊಂದಾಗಿ ಬಾಯಿಗಿಟ್ಟು ಊದಿ ನೋಡುತ್ತಿದ್ದರೆ ಅಂಗಡಿಯವರು ಮುಖ ಮುಖ ನೋಡಿಕೊಂಡರು. ಕೊನೆಗೆ ಕಾರ್ಮಿಕರ ಪ್ಯಾಂಟಿನ ಒತ್ತು ನೇಯ್ಗೆಯ ಬಟ್ಟೆ, ಒಳಗೆ ಒಂದು ಮುಖ ಉಣ್ಣೆಯಂತೆ ಮೆತ್ತಗಿರುವ ಹತ್ತಿಯ ಅಸ್ತರಿ, ಈ ಜೋಡಿ ಹಿಡಿಸಿತು. ಸೂಜಿಯ ತೂತುಗಳಿಂದಲೂ ದೂಳು ಸೋರಬಾರದೆಂದು ಅಂಚನ್ನು ಒಳಕ್ಕೆ ಮಡಿಸಿ ಎರಡೆರಡು ಬಾರಿ ಹೊಲಿಗೆ ಹಾಕಿದಳು.

ಮೂರನೆಯ ಚೀಲ ಸಿಕ್ಕಿಸಿ ಸ್ವಿಚ್ಚು ಒತ್ತಿದಾಗ ಸೊರಗಿ ನೇತಾಡುತ್ತಿದ್ದ ಬಟ್ಟೆ ಮೆಲ್ಲನೆ ಎದೆಯುಬ್ಬಿಸಿ ಎದ್ದು ನಿಂತಿತು. ಎಲ್ಲೂ ಒಂದು ಕಣ ಹೊರಬರಲಿಲ್ಲ. ಅತ್ತೆ ಅಂಗೈಯನ್ನು ಅದರ ಮೇಲಿಟ್ಟಳು. ಬೆಚ್ಚಗಿನ ಗಾಳಿ ಸಣ್ಣಗೆ ತಾಕುತ್ತಿತ್ತು. ಅವಳು ಬಹಳ ಹೊತ್ತು ಕೈ ತೆಗೆಯಲಿಲ್ಲ.

ಆ ಸಂಜೆ ಅವಳು ಮೀಸೆಯಣ್ಣನನ್ನು ಕೇಳಿದಳಂತೆ, ಇಷ್ಟು ಭಾರದ, ಇಷ್ಟು ಗದ್ದಲದ ಯಂತ್ರದಲ್ಲಿ ನಿಮಗೆ ಏನು ಕಂಡಿತು ಎಂದು. ಅವನು ಹೇಳಿದ್ದನ್ನು ನಮಗೆ ಎಷ್ಟೋ ಸಲ ಹೇಳಿದ್ದಾಳೆ. ಈಗಿನವು ಎಲ್ಲವನ್ನೂ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿಟ್ಟುಕೊಳ್ಳುತ್ತವೆ. ಇದು ದುಡಿಯುವುದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ. ಒಂದು ಸ್ಕ್ರೂಡ್ರೈವರ್ ಇದ್ದರೆ ಇಡೀ ಯಂತ್ರ ಬಿಚ್ಚಬಹುದು, ಮತ್ತೆ ಕೂಡಿಸಬಹುದು. ಒಂದೊಂದಕ್ಕೂ ಬೇರೆ ದನಿ, ಕಣ್ಣು ಮುಚ್ಚಿಕೊಂಡೇ ಗುರುತಿಸಬಹುದು. ಮತ್ತೆ ಆ ದೀಪ: ಮಂಚದಡಿಯ ಕತ್ತಲಲ್ಲಿ ಅದು ಹೊಕ್ಕಾಗ ಪುಟ್ಟ ರೈಲು ಸುರಂಗ ಸೇರಿದ ಹಾಗೆ ಕಾಣುತ್ತದೆ.

ಸುದ್ದಿ ಹಬ್ಬಿತು. ಇಂಥ ಯಂತ್ರ ಕೂಡಿಡುವವರು ಊರೂರಲ್ಲಿದ್ದರು, ಅವರೆಲ್ಲರಿಗೂ ಚೀಲದ್ದೇ ತಲೆನೋವು. ಹರಕು ಚೀಲಗಳು ಅಂಚೆಯಲ್ಲಿ ಬರತೊಡಗಿದವು. ಒಂದರ ಜೊತೆ ಒಬ್ಬ ಔಷಧದ ಅಂಗಡಿಯಾಕೆ ಯಂತ್ರವನ್ನೇ ಕಳಿಸಿಕೊಟ್ಟಳು. ಆಕೆಯ ತಾಯಿ ಚಿತ್ರಮಂದಿರವೊಂದರಲ್ಲಿ ಒಂದು ಆಟಕ್ಕೂ ಇನ್ನೊಂದಕ್ಕೂ ನಡುವೆ ಗಂಬಳಿ ಗುಡಿಸುತ್ತಿದ್ದವಳು. ಚಿತ್ರಮಂದಿರ ಕೆಡವಿದಾಗ ಯಂತ್ರವನ್ನು ಆ ತಾಯಿಗೇ ಕೊಟ್ಟಿದ್ದರು. ಚೀಲದ ಮೇಲೆ ಅಲ್ಲಲ್ಲಿ ಕೆಂಪು ದಾರದ ಒಡ್ಡೊಡ್ಡು ಹೊಲಿಗೆ, ಕೈಗೆ ಸಿಕ್ಕ ದಾರದಲ್ಲಿ ಅವಸರವಾಗಿ ಹಾಕಿದ್ದು. ಹೊಸ ಚೀಲವನ್ನೇ ಹೊಲಿಯುವುದು ಸುಲಭವಿತ್ತು, ಮಾವನೂ ಹಾಗೇ ಅಂದರು. ಅತ್ತೆ ಆ ಕೆಂಪು ಹೊಲಿಗೆಯ ಒಂದು ಎಳೆಯನ್ನೂ ಬಿಚ್ಚದೆ, ಒಳಗಿನಿಂದ ಪೂರ್ತಿ ಹೊಸ ಅಸ್ತರಿ ಕೊಟ್ಟು ಹಳೆಯ ಮೈಯನ್ನು ಅದಕ್ಕೆ ಕೂಡಿಸಿದಳು.

ವರ್ಷಕ್ಕೊಮ್ಮೆ ಸಂಗ್ರಹಕಾರರೆಲ್ಲ ಒಂದು ಶಾಲೆಯ ಸಭಾಂಗಣದಲ್ಲಿ ಸೇರುತ್ತಿದ್ದರು. ಆ ವರ್ಷ ಮೀಸೆಯಣ್ಣ ಅತ್ತೆಯನ್ನೂ ಹೊರಡಿಸಿದ. ಜೊತೆಗೆ ಮಾವ ಮತ್ತು ನಾನು. ಬಾಗಿಲಲ್ಲಿ ನಿಂತು ನೋಡಿದೆ. ಉದ್ದಕ್ಕೂ ಯಂತ್ರಗಳ ಸಾಲು, ಮುಕ್ಕಾಲು ಪಾಲಿಗೆ ಅತ್ತೆಯ ಚೀಲ. ಒಬ್ಬೊಬ್ಬರೂ ತಮ್ಮದನ್ನು ಒರೆಸುವುದೇನು, ಹಿಂದೆ ಸರಿದು ನೋಡುವುದೇನು, ಮದುವೆ ಗಂಡಿನ ತಾಯಂದಿರ ಹಾಗೆ. ಎಲ್ಲರೂ ಒಟ್ಟಿಗೆ ಸ್ವಿಚ್ಚು ಹಾಕಿದಾಗ ಸಭಾಂಗಣ ಗುಂಯ್ಗುಟ್ಟಿತು, ಚೀಲಗಳು ಒಂದರ ಹಿಂದೊಂದು ಎದ್ದವು.

ಔಷಧದ ಅಂಗಡಿಯಾಕೆಯ ಯಂತ್ರವನ್ನೂ ಮೀಸೆಯಣ್ಣ ತಂದು ಸಾಲಿನಲ್ಲಿಟ್ಟಿದ್ದ; ಚೀಲ ಸರಿಯಾದ ಮೇಲೆ ಆಕೆ ಅದನ್ನು ಮೊದಲ ಸಲ ನೋಡಿದ್ದು ಅಲ್ಲಿಯೇ. ಉಬ್ಬಿದ ಚೀಲದ ಮೇಲೆ ಕೆಂಪು ದಾರ ಎದ್ದು ಕಾಣುತ್ತಿತ್ತು. ಆಕೆ ಬೆರಳಿನಿಂದ ಅದನ್ನು ಸವರುತ್ತ ಬಂದು, ಸ್ವಿಚ್ಚು ಆರಿಸಿ, ಸುತ್ತಲಿನವರ ಕಡೆ ತಿರುಗಿದಳು.

"ಇದು ನಮ್ಮಮ್ಮನ ಕೈ ಹೊಲಿಗೆ. ಇದನ್ನ ಉಳಿಸಿದ್ದು ಯಾರು?"

ಕಾರ್ಖಾನೆಯಲ್ಲಿ ಮೇಸ್ತ್ರಿ ಕರೆದರೂ ತಲೆ ಎತ್ತದೆ ಉತ್ತರ ಕೊಡುತ್ತಿದ್ದ ನಮ್ಮ ಅತ್ತೆ ಮುಂದೆ ಬಂದಳು.

"ನಾನು ಕಣಮ್ಮ. ಅಸ್ತರಿ ನಂದು. ಮೇಲಿಂದು ನಿಮ್ಮಮ್ಮಂದೇ ಇರ್ಲಿ ಅಂತ ಬಿಟ್ಟೆ. ಆ ಸಾಲಲ್ಲಿರೋವೂ ನಾನೇ ಹೊಲಿದಿದ್ದು, ಅಳತೆಯಿಂದ ಹಿಡಿದು ಕೊನೇ ಗಂಟಿನವರೆಗೆ."

ಆಕೆ ಅತ್ತೆಯ ಎರಡೂ ಕೈ ಹಿಡಿದುಕೊಂಡಳು. ಮಾವ ಏನಾದರೊಂದು ಹಾಸ್ಯ ಮಾಡುತ್ತಾರೆಂದು ಕಾದೆ. ಅವರು ಪಕ್ಕದಲ್ಲಿದ್ದ ಅಪರಿಚಿತನೊಬ್ಬನಿಗೆ, "ನಮ್ಮನೆಯವಳು" ಎಂದರು. ಕೇಳದೆಯೇ ಇನ್ನೊಬ್ಬನಿಗೂ ಹೇಳಿದರು.

ಈಗ ಅತ್ತೆಯ ಕಿಟಕಿಯ ಮೇಲೆ "ವ್ಯಾಕ್ಯೂಮ್ ಚೀಲಗಳನ್ನು ಹೊಲಿದುಕೊಡಲಾಗುವುದು" ಎಂಬ ಹಲಗೆ ಇದೆ, ಅಕ್ಷರ ಬರೆದದ್ದು ಮಾವ. ಮೀಸೆಯಣ್ಣ ಅವಳಿಗೊಂದು ಹಸಿರು ಯಂತ್ರ ಕೊಟ್ಟಿದ್ದಾನೆ. ಪ್ಯಾಂಟು ಗಿಡ್ಡ ಮಾಡಿಸಲು ಬಂದವರು ಅದೇನೆಂದು ಕೇಳಿದರೆ ಸಾಕು, ಅತ್ತೆ ಕತ್ತರಿ ಕೆಳಗಿಟ್ಟು, ಕನ್ನಡಕ ಸರಿಮಾಡಿಕೊಂಡು, ಸ್ವಿಚ್ಚಿನ ಕಡೆ ಹೊರಡುತ್ತಾಳೆ. ಬಂದವರು ಪ್ಯಾಂಟಿನ ಅಳತೆ ಕೊಡುವುದು ಆಮೇಲೆ.