ಕಲ್ಯಾಣದವರಿಗೊಂದು ಗೆರೆ

ಎರಡು ಹೆಸರುಗಳ ನಡುವೆ ಒಂದು ಗೆರೆ ಎಳೆಯುವುದು ಇಷ್ಟು ಕಷ್ಟದ ಕೆಲಸವೆಂದು ಅರವತ್ತರ ಹೊಸ್ತಿಲಿಗೆ ಬರುವವರೆಗೂ ನನಗೆ ಗೊತ್ತಿರಲಿಲ್ಲ. ಡೊಂಬಿವಲಿಯ ಕನ್ನಡ ಶಾಲೆಯೊಂದರಲ್ಲಿ ಮೂರು ದಶಕ ವ್ಯಾಕರಣ ಕಲಿಸಿದವಳು ನಾನು. ಮಕ್ಕಳ ಕಾಗುಣಿತದ ಅಡಿಯಲ್ಲಿ ಎಳೆದ ಕೆಂಪು ಗೆರೆಗಳನ್ನೆಲ್ಲ ಒಂದಕ್ಕೊಂದು ಜೋಡಿಸಿದರೆ ಕರ್ಜತ್‌ವರೆಗೆ ಇನ್ನೊಂದು ರೈಲುಹಳಿ ಆದೀತು. ಅಂಥ ನಾನು, ನಿವೃತ್ತಿಯ ಮರುವರ್ಷ, ಮಗಳು ಸ್ಮಿತಾ ಮನೆಯ ಕಂಪ್ಯೂಟರಿಗೆ ಹಾಕಿಕೊಟ್ಟ ಸಾಫ್ಟ್‌ವೇರೊಂದರ ಮುಂದೆ ಇಡೀ ಮಧ್ಯಾಹ್ನ ಮೌಸು ಹಿಡಿದು ದಿಗ್ಮೂಢಳಾಗಿ ಕುಳಿತಿದ್ದೆ.

ಇದಕ್ಕೆಲ್ಲ ಕಾರಣ ಕರುಣಾಕರಣ್ಣ. ದೊಡ್ಡಮ್ಮನ ಮಗ, ಥಾಣೆಯಲ್ಲಿ ಹೋಟೆಲು ನಡೆಸುವವರು, ಕುಟುಂಬದ ಸಕಲ ಸತ್ಕಾರ್ಯಗಳ ಸ್ವಯಂನಿಯುಕ್ತ ಸೂತ್ರಧಾರ. ಉಡುಪಿಯ ಕಡೆಯಿಂದ ಬಂದು ಈ ಸೀಮೆಯಲ್ಲಿ ಚದುರಿಹೋದ ನಮ್ಮ ಅಜ್ಜಿಯ ಸಂತತಿಯನ್ನೆಲ್ಲ ಒಂದು ಭಾನುವಾರ ಡೊಂಬಿವಲಿಯ ಸಭಾಗೃಹದಲ್ಲಿ ಸೇರಿಸಬೇಕು, ಗೋಡೆಯ ಮೇಲೆ ಕುಟುಂಬದ ಮರವನ್ನು ದೊಡ್ಡದಾಗಿ ತೂಗುಹಾಕಬೇಕು ಎಂಬುದು ಅವರ ಸಂಕಲ್ಪ. "ನೀನು ಟೀಚರಲ್ವಾ ವಾರಿಜಾ, ಮರ ನೀನು ಮಾಡು, ಊಟ ನಾನು ನೋಡಿಕೊಳ್ತೇನೆ" ಎಂದು ಅವರು ಶ್ರಮವಿಭಜನೆ ಮಾಡಿಬಿಟ್ಟಿದ್ದರು.

ಹೆಸರು ತುಂಬಿಸುವುದು ಸುಲಭ. ಆದರೆ ಗಂಡ, ಹೆಂಡತಿ ಎಂದು ಎರಡು ಹೆಸರು ಬರೆದ ತಕ್ಷಣ ಆ ಸಾಫ್ಟ್‌ವೇರು ಪರೀಕ್ಷಕನಂತೆ ಕೇಳುತ್ತಿತ್ತು: ಸಂಬಂಧ ಯಾವ ಬಗೆಯದು? ಮದುವೆಯಾದವರಿಗೆ ನೇರವಾದ ಗೆರೆ, ಬೇರೆಬೇರೆ ವಾಸಿಸುವವರಾದರೆ ಆ ಗೆರೆಯ ಮೇಲೆ ಒಂದು ಓರೆಗೀಟು, ವಿಚ್ಛೇದನವಾಗಿದ್ದರೆ ಎರಡು, ಮದುವೆಯಾಗದೆ ಜೊತೆಗಿದ್ದರೆ ಚುಕ್ಕೆಗೆರೆ. ನೀವೇ ಹೇಳಿ, ನಮ್ಮ ವ್ಯಾಕರಣದ ಔದಾರ್ಯ ಎಷ್ಟು ದೊಡ್ಡದು! ಸಂಬಂಧಕ್ಕೆಲ್ಲ ಒಂದೇ ಷಷ್ಠೀ ವಿಭಕ್ತಿ. 'ಗೋವಿಂದನ ಹೆಂಡತಿ' ಎಂದರೂ 'ಗೋವಿಂದನ ಕೊಡೆ' ಎಂದರೂ ಅದು ಮರುಪ್ರಶ್ನೆ ಹಾಕುವುದಿಲ್ಲ. ನನ್ನ ಅಪ್ಪ ಅಮ್ಮನ ನಡುವೆ ನೇರ ಗೆರೆ ಎಳೆದಾಗಲೇ ನನಗೆ ನಗು ಬಂದಿತ್ತು. ಯಾವುದೋ ಒಂದು ಮಾತಿಗೆ ಮುನಿಸಿಕೊಂಡು, ಹನ್ನೊಂದು ವರ್ಷ "ಅವರಿಗೆ ಹೇಳು", "ಅವಳಿಗೆ ಹೇಳು" ಎಂದು ನನ್ನ ಮುಖಾಂತರವೇ ಸಂಸಾರ ನಡೆಸಿದ ದಂಪತಿಗಳವರು. ಆ ಗೆರೆಯ ಮಧ್ಯದಲ್ಲಿ ನನ್ನನ್ನೂ ಬರೆಯಬೇಕಿತ್ತು.

ಬೆರಳು ನಿಂತದ್ದು ಸಂಜೀವ ಮಾಮನ ಹೆಸರಿನ ಬಳಿ.

ಸಂಜೀವ ಮಾಮ ನನ್ನ ಅಮ್ಮನ ಕಿರಿಯ ತಮ್ಮ. ಪ್ರಾಯದಲ್ಲಿ ಊರಿನ ಸುಮತಿ ಮಾಮಿಯನ್ನು ಮದುವೆಯಾಗಿ ಮುಂಬೈಗೆ ಕರೆತಂದರು. ಒಂದೇ ಕೋಣೆ, ಸಾರ್ವಜನಿಕ ನಲ್ಲಿ, ಬಾಗಿಲ ಮುಂದೆಯೇ ರೈಲು. ವರ್ಷ ತುಂಬುವುದರೊಳಗೆ ಮಾಮಿ ಊರಿಗೆ ಹೋದವರು ಮರಳಲಿಲ್ಲ. ನಮ್ಮ ಅಳಿಯಸಂತಾನದ ಪದ್ಧತಿಯಲ್ಲಿ ಹೆಣ್ಣಿಗೆ ತಾಯಿಮನೆಯೇ ಸ್ವಂತ ಮನೆಯಾದ್ದರಿಂದ ಅದು ಯಾರಿಗೂ ಮಹಾಪರಾಧವೆನಿಸಲಿಲ್ಲ; ಜಗಳವಿಲ್ಲ, ಕೋರ್ಟಿಲ್ಲ, ಕಾಗದವಿಲ್ಲ. ಭಿವಂಡಿಯ ಮಗ್ಗದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ಮಾಮ ಆಮೇಲೆ ಕಲ್ಯಾಣದ ಆಚೆ, ವಿಠ್ಠಲವಾಡಿಯ ಚಾಳಿನಲ್ಲಿ, ಸೀರೆಗಳಿಗೆ ಫಾಲು ಹೊಲಿಯುತ್ತಿದ್ದ ಶಾಲಿನಿಬಾಯಿ ಎಂಬ ಮರಾಠಿ ವಿಧವೆಯ ಜೊತೆ ಬಾಳತೊಡಗಿದರು. ಅದಕ್ಕೀಗ ಮೂವತ್ತು ವರ್ಷ. ಮಾಮ ಮದುವೆ ಮುಂಜಿಗಳಿಗೆ ಒಬ್ಬರೇ ಬರುತ್ತಿದ್ದರು, ಒಬ್ಬರೇ ಉಂಡು ಹೋಗುತ್ತಿದ್ದರು. ಆಕೆಯ ಹೆಸರೆತ್ತದೆ ನಾವೆಲ್ಲ "ಕಲ್ಯಾಣದವರು" ಎನ್ನುತ್ತಿದ್ದೆವು. ಕಲ್ಯಾಣವಾಗದವರಿಗೆ ಇಂಥ ಬಿರುದು ಕೊಟ್ಟ ಭಾಷಾವಿಲಾಸ ನನ್ನದೇ ಎಂದು ಇಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಕರುಣಾಕರಣ್ಣನಿಗೆ ಫೋನು ಮಾಡಿದೆ.

"ಆ ಕಲ್ಯಾಣದ್ದು ಬೇಡ ಮಾರಾಯ್ತಿ," ಎಂದರು. "ಮಕ್ಕಳು ನೋಡ್ತಾರೆ, ಕೇಳ್ತಾರೆ. ಎಂತ ಹೇಳುದು?" ಆಮೇಲೆ ದನಿ ತಗ್ಗಿಸಿ, "ಮತ್ತೆ ನಮ್ಮ ಪ್ರತಿಮಾಂದು... ಆ ಎರಡು ಗೀಟು ಹಾಕ್ಲೇಬೇಕಾ?" ಎಂದು ಕೇಳಿದರು.

ಪ್ರತಿಮಾ ಅವರ ಒಬ್ಬಳೇ ಮಗಳು. ವಾಶಿಯ ಬ್ಯಾಂಕಿನಲ್ಲಿ ಕೆಲಸ. ಮೂರು ವರ್ಷದ ಹಿಂದೆ ವಿಚ್ಛೇದನವಾಗಿತ್ತು. ಕಲ್ಯಾಣದವರ ಚುಕ್ಕೆಗೆರೆಗಿಂತ ಮಗಳ ಎರಡು ಗೀಟುಗಳೇ ಅಣ್ಣನನ್ನು ಹೆಚ್ಚು ಚುಚ್ಚುತ್ತಿವೆ ಎಂಬುದು ಆಗ ಅರ್ಥವಾಯಿತು. ಇಡೀ ಕುಟುಂಬದ ಎದುರು, ಗೋಡೆಯ ಮೇಲೆ, ಯಾವ ತಂದೆಗೆ ತಾನೆ ಸಹಿಸಲಾದೀತು?

"ಪ್ರತಿಮಾಂದು ಪ್ರತಿಮಾನ್ನೇ ಕೇಳಿ ಅಣ್ಣ," ಎಂದೆ. "ಮಾಮಂದು ನಾನು ಮಾಮನನ್ನೇ ಕೇಳಿ ಬರ್ತೇನೆ."

ಹೇಳುವುದೇನೋ ಹೇಳಿಬಿಟ್ಟೆ. ಮರುದಿನ ಬೆಳಿಗ್ಗೆ ಅಂಬರನಾಥ ಲೋಕಲ್ ಹತ್ತಿದ ಮೇಲೆ ಧೈರ್ಯ ಒಂದೊಂದು ಸ್ಟೇಷನ್ನಿಗೂ ಇಳಿಯುತ್ತ ಹೋಯಿತು. "ನಿಮ್ಮದು ಯಾವ ಬಗೆಯ ಸಂಬಂಧ?" ಎಂದು ಎಪ್ಪತ್ತು ದಾಟಿದವರನ್ನು ಕೇಳುವ ಶಿಷ್ಟ ವಾಕ್ಯವೊಂದನ್ನು ವಿಠ್ಠಲವಾಡಿ ಬರುವವರೆಗೂ ಮನಸ್ಸಿನಲ್ಲಿ ರಚಿಸಿ, ತಿದ್ದಿ, ಹೊಡೆದುಹಾಕಿದೆ.

ಬಾಗಿಲು ತೆರೆದೇ ಇತ್ತು. ನೆಲದ ಮೇಲೆ ಸೀರೆಗಳ ರಾಶಿ. ಅದರ ನಡುವೆ ಬನಿಯನ್ನಿನಲ್ಲಿ ಕುಳಿತ ಮಾಮ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದರು, ಶಾಲಿನಿಬಾಯಿ ಹೊಲಿಯುತ್ತಿದ್ದರು. ನಾನು ಮರಾಠಿಯಲ್ಲಿ ನಮಸ್ಕಾರ ಹೇಳುವಷ್ಟರಲ್ಲಿ ಅವರು, "ಬಲೆ, ಕುಲ್ಲುಲೆ," ಎಂದು ಅಚ್ಚ ತುಳುವಿನಲ್ಲಿ ಬನ್ನಿ, ಕೂತುಕೊಳ್ಳಿ ಎಂದರು. ಮುಂದಿನ ಮಾತನ್ನೂ ತುಳುವಿನಲ್ಲೇ ಆಡಿದರು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಚಹಾ ಕುಡಿದು, ಸುಮತಿ ಮಾಮಿಗೆ ಓರೆಗೀಟು, ಇವರಿಗೆ ಚುಕ್ಕೆಗೆರೆ ಎಂದು ಸದ್ಯಕ್ಕೆ ಹಾಕಿ ಅಚ್ಚು ತೆಗೆದು ತಂದಿದ್ದ ಕರಡುಹಾಳೆಯನ್ನು ಬಿಡಿಸಿ, ಹೆಸರು ಓದಿ ತೋರಿಸಿದೆ. ಮಾಮ ದಾರದ ಉಂಡೆ ಸುತ್ತತೊಡಗಿದರು. ಶಾಲಿನಿಬಾಯಿ ಹಾಳೆಯನ್ನು ಬೆಳಕಿಗೆ ಹಿಡಿದು, ಚುಕ್ಕೆಗೆರೆಯ ಅರ್ಥ ಕೇಳಿ, ನಾನು ತಡವರಿಸುತ್ತ ಹೇಳಿದ್ದನ್ನು ಕೇಳಿಸಿಕೊಂಡು ನಕ್ಕುಬಿಟ್ಟರು.

"ಇದು ಕಚ್ಚಾ ಟಾಂಕಾ," ಎಂದರು. "ಪಕ್ಕಾ ಹೊಲಿಗೆ ಹಾಕುವ ತನಕ ಬಟ್ಟೆ ಸರಿಯಬಾರದು ಅಂತ ಹಾಕುವುದು. ಮೂವತ್ತು ವರ್ಷದಿಂದ ಬಟ್ಟೆ ಸರಿದಿಲ್ಲ. ಇರಲಿ, ಇದೇ ಇರಲಿ." ಬೆರಳು ಸುಮತಿ ಮಾಮಿಯ ಗೆರೆಯ ಮೇಲೆ ನಿಂತಿತು. ನಗು ನಿಂತಿತು. "ಇದೆಂಥ ಗೀಟು?"

"ಅವರು ದೂರ ಇದ್ದರಲ್ಲ, ಅದಕ್ಕೆ..."

"ದೂರ ಇದ್ದದ್ದು ಹೌದು. ಕಡಿದದ್ದು ಯಾರು?"

ಆಮೇಲೆ ಅವರು ಹೇಳಿದ ಸಂಗತಿ ನಮ್ಮ ಕುಟುಂಬದ ಒಬ್ಬರಿಗೂ ಗೊತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಸುಮತಿ ಮಾಮಿಯ ಎರಡೂ ಕಣ್ಣಿಗೆ ಪೊರೆ ಬಂದಾಗ ಮಾಮ ಊರಿಗೆ ಹೋಗಿ ಕರೆತಂದು ಇಲ್ಲಿಯೇ ಶಸ್ತ್ರಚಿಕಿತ್ಸೆ ಮಾಡಿಸಿದ್ದರು. ಒಂದೂವರೆ ತಿಂಗಳು ಮಾಮಿ ಈ ಕೋಣೆಯಲ್ಲಿ ಇದ್ದರು: ಮಂಚದ ಮೇಲೆ ಅವರು, ಕೆಳಗೆ ಶಾಲಿನಿಬಾಯಿ, ಹೊರಗಿನ ಗ್ಯಾಲರಿಯಲ್ಲಿ ಮಾಮ.

"ಕಣ್ಣು ಸರಿಯಾದ ಮೇಲೆ ನನ್ನನ್ನು ನೋಡಿ, 'ನೀನು ಇಷ್ಟು ಕುಳ್ಳಿಯಾ? ದನಿ ಕೇಳಿ ಎತ್ತರದವಳು ಅಂತ ಅಂದುಕೊಂಡಿದ್ದೆ' ಅಂದಳು," ಎಂದು ಶಾಲಿನಿಬಾಯಿ ಮತ್ತೆ ನಕ್ಕರು. "ಇವರು ನನಗೆ ಕಲಿಸಿದ್ದು ತುಳುವಿನ ಬೈಗುಳ ಮಾತ್ರ. ಮಾತು ಕಲಿಸಿದ್ದು ಅವಳು. ಊರಿಗೆ ಹೋದ ಮೇಲೂ ವಾರಕ್ಕೊಮ್ಮೆ ಫೋನು ಮಾಡ್ತಿದ್ದಳು, ಸಾಯುವ ತನಕ. ಇವರ ಹತ್ತಿರ ಅಲ್ಲ, ನನ್ನ ಹತ್ತಿರ ಮಾತಾಡಲಿಕ್ಕೆ. ಆ ಗೀಟು ತೆಗೆ ಮಗಾ. ನನ್ನ ಹೆಸರು ಬೇಡವಾದರೆ ತೆಗೆ, ಪರವಾಗಿಲ್ಲ."

"ಇಬ್ಬರದ್ದೂ ಇರಲಿ," ಎಂದರು ಮಾಮ. ನಾನು ಹಾಳೆ ಬಿಡಿಸಿದ ಮೇಲೆ ಅವರಾಡಿದ ಮೊದಲ ಮಾತು ಅದು. ಕಣ್ಣು ದಾರದ ಮೇಲೆಯೇ ಇತ್ತು.

ನಾನು ಅವರಿಬ್ಬರನ್ನೂ ಭಾನುವಾರಕ್ಕೆ ಕರೆದೆ. ಕರೆಯುವ ಅಧಿಕಾರ ನನಗಿತ್ತೋ ಇಲ್ಲವೋ ಎಂದು ರೈಲು ಹತ್ತಿದ ಮೇಲೆ ಯೋಚಿಸಿದೆ.

ಮನೆಗೆ ಬಂದು ಸುಮತಿ ಮಾಮಿಯ ಗೀಟು ಅಳಿಸಿದೆ. ಒಬ್ಬ ವ್ಯಕ್ತಿಗೆ ಏಕಕಾಲದಲ್ಲಿ ಇಬ್ಬರು ಸಂಗಾತಿಗಳಿದ್ದಾರೆ, ಇದು ಸರಿಯೇ ಎಂದು ಸಾಫ್ಟ್‌ವೇರು ಹಳದಿ ಚೌಕದೊಳಗಿಂದ ಎಚ್ಚರಿಸಿತು. ನಾನು ಅದಕ್ಕೆ ಸಮರ್ಪಕ ಉತ್ತರವೊಂದನ್ನು ಹುಡುಕುತ್ತಿರುವಾಗ ಹಿಂದೆ ನಿಂತಿದ್ದ ಸ್ಮಿತಾ, "ಅಮ್ಮಾ, ಇತನಾ ಕಾಯ್ ಸೋಚ್ತೇಸ್? ಓಕೆ ದಬಾವ್ ನಾ," ಎಂದು, ಇಷ್ಟೇನು ಯೋಚಿಸುತ್ತೀ, ಓಕೆ ಒತ್ತು ಎಂಬುದನ್ನು ತನ್ನ ಮೂರು ಭಾಷೆಯ ಮಿಶ್ರಣದಲ್ಲಿ ಹೇಳಿ, ತಾನೇ ಒತ್ತಿದಳು. ನ್ಯಾಯಶಾಸ್ತ್ರದ ಅಷ್ಟು ದೊಡ್ಡ ಸಮಸ್ಯೆ ಅಷ್ಟರಲ್ಲಿ ಮುಗಿಯಿತು.

ಸಂಜೆ ಕರುಣಾಕರಣ್ಣನ ಫೋನು ಬಂತು. "ಪ್ರತಿಮಾನ ಹತ್ರ ಕೇಳಿದೆ ವಾರಿಜಾ. 'ಪಪ್ಪಾ, ಕೋರ್ಟಿನ ಕಾಗದಕ್ಕೆ ಸೈನ್ ಮಾಡಿದವಳು ನಾನು, ನಿಮ್ಮ ಎರಡು ಗೀಟಿಗೆ ಹೆದರ್ತೇನಾ' ಅಂತ ನಕ್ಕಳು. ಮೂರು ವರ್ಷ ಆಯ್ತು ನೋಡು, ಆ ವಿಷಯ ಅವಳ ಹತ್ರ ನಾನು ಬಾಯಿಬಿಟ್ಟು ಮಾತಾಡಿದ್ದು ಇವತ್ತೇ." ನಾನು ವಿಠ್ಠಲವಾಡಿಯ ಕಥೆ ಪೂರ್ತಿ ಹೇಳಿದೆ. "ಹಾಕು, ಎಲ್ಲ ಹಾಕು," ಎಂದು ಅವರು ಫೋನಿಟ್ಟರು.

ಭಾನುವಾರ ಸಭಾಗೃಹದ ಗೋಡೆಯ ಮೇಲೆ ಮರ ತೂಗುಬಿತ್ತು. ಹೆಸರುಗಳು ಕನ್ನಡದಲ್ಲೇ ಇರಬೇಕೆಂದು ನಾನು ಹಠ ಹಿಡಿದದ್ದರ ಫಲವಾಗಿ ಮುಕ್ಕಾಲುಪಾಲು ಮಕ್ಕಳಿಗೆ ತಮ್ಮ ಹೆಸರೇ ಸಿಗಲಿಲ್ಲ. ಭಾಷಾಸೇವೆಯ ಪರಿಣಾಮ ಹೀಗೂ ಇರುತ್ತದೆ. ಪ್ರತಿಮಾ ಮಕ್ಕಳಿಗೆಲ್ಲ ಓದಿ ಹೇಳುತ್ತ, ತನ್ನ ಹೆಸರು ಬಂದಾಗ ಎರಡು ಗೀಟುಗಳನ್ನೂ ತೋರಿಸಿ, "ಇಲ್ಲಿ ನಾನು ಬ್ರೇಕ್ ಹಾಕಿದ್ದು" ಎಂದು ಮುಂದೆ ಹೋದಳು.

ಊಟದ ಹೊತ್ತಿಗೆ ಸರಿಯಾಗಿ ಮಾಮ ಬಂದರು. ಒಬ್ಬರೇ ಅಲ್ಲ. ಹಸಿರು ಸೀರೆಯುಟ್ಟ ಶಾಲಿನಿಬಾಯಿ ಬಾಗಿಲ ಬಳಿ ಒಂದು ಕ್ಷಣ ನಿಂತು, ಗುಂಪಿನ ಕಡೆ ಬರದೆ, ನೇರವಾಗಿ ಗೋಡೆಯ ಬಳಿಗೆ ಹೋದರು. ಕನ್ನಡ ಓದಲು ಬಾರದ ಅವರು ಕತ್ತೆತ್ತಿ ಹುಡುಕುತ್ತಿರುವಾಗ ನಾನು ಅತ್ತ ಧಾವಿಸುವ ಮೊದಲೇ ಕರುಣಾಕರಣ್ಣ ಅವರ ಪಕ್ಕಕ್ಕೆ ಹೋಗಿ ನಿಂತಿದ್ದರು.

"ನನ್ನದು ಯಾವುದು?" ಎಂದು ಶಾಲಿನಿಬಾಯಿ ಕೇಳಿದರು.

ಅಣ್ಣ ಕನ್ನಡಕ ಸರಿಪಡಿಸಿಕೊಂಡು, ಹೆಸರಿನ ಮೇಲೆ ಬೆರಳಿಟ್ಟು, ಹೋಟೆಲಿನಲ್ಲಿ ಆರ್ಡರು ಕೂಗುವ ಅದೇ ದೊಡ್ಡ ದನಿಯಲ್ಲಿ ಓದಿದರು: "ಶಾಲಿನಿ ಮಾಮಿ."

ಶಾಲಿನಿಬಾಯಿ ಒಂದೊಂದೇ ಅಕ್ಷರವನ್ನು ಮುಟ್ಟಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. "ಇಲ್ಲಿ ಮೂರೇ ಅಕ್ಷರ ಉಂಟಲ್ಲ?"

"ಉಳಿದ ಎರಡು ಬರೆಯುವಂಥದ್ದಲ್ಲ, ಕರೆಯುವಂಥದ್ದು," ಎಂದರು ಕರುಣಾಕರಣ್ಣ. "ಬನ್ನಿ ಮಾಮಿ, ಎಲೆ ಹಾಕಿದ್ದಾರೆ."

ಅವರು ಸೆರಗು ಸರಿಮಾಡಿಕೊಂಡು ನಡೆದರು. ಆಗಲೇ ಸಾಲಿನಲ್ಲಿ ಕುಳಿತು ಉಪ್ಪಿನಕಾಯಿ ಹಾಕಿಸಿಕೊಳ್ಳುತ್ತಿದ್ದ ಮಾಮನನ್ನು ತುಳುವಿನಲ್ಲೇ ಗದರಿಸಿ ದಾರಿ ಬಿಡಿಸಿಕೊಂಡು, ಆಗಷ್ಟೇ ಊಟಕ್ಕೆ ಕುಳಿತ ನನ್ನ ಮತ್ತು ಪ್ರತಿಮಾಳ ನಡುವಿನ ಖಾಲಿ ಎಲೆಗೆ ಬಂದು ಕುಳಿತರು.